ಅಕ್ಕ ಆರಿಸಿದ ದೇಶ

ಬಿಸಿಲಿಗೆ ಹಾಕಿದ ಕೌದಿಯ ವಾಸನೆ ಬಂದರೆ ಈಗಲೂ ನನಗೆ ಇಬ್ರಾಹಿಂಪುರದ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ಮತ್ತು ಅಕ್ಕ ಹಳೆಯ ಸೀರೆಗಳ ಮೆತ್ತನೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಶಾಲೆ ಬಿಟ್ಟಿದ್ದ ಅಕ್ಕನಿಗೆ ನಾನು ನನ್ನ ಭೂಗೋಳದ ಪುಸ್ತಕ ಓದಿ ಹೇಳುತ್ತಿದ್ದೆ. ಹೋಗಿ ಇರಲು ಅವಳಿಗೊಂದು ದೇಶ ಬೇಕಿತ್ತು.

"ಇಂಗ್ಲೆಂಡ್ ಬ್ಯಾಡ. ಬಿಸಿಲಿಲ್ಲಂದ್ರ ಅರಿವಿ ಹೆಂಗ ಒಣಗತಾವು?" ಎಂದಳು. ನೆಲ ನಡುಗುತ್ತದೆಂದು ಜಪಾನನ್ನೂ ಬಿಟ್ಟಳು. ಹಾಲೆಂಡಿನಲ್ಲಿ ಊರೂರಿಗೂ ಕಾಲುವೆ ಎಂದು ಓದಿದಾಗ ಸೂಜಿ ನಿಲ್ಲಿಸಿದಳು.

"ಇದಾ ಇರಲಿ. ನೀರು ಹೊತ್ತು ಹೊತ್ತು ಸಾಕಾಗೇತಿ."

ಅವ್ವ ತಲೆ ಎತ್ತದೆ ಹೇಳಿದಳು: "ಕನಮಡಿ ಊರಿನ ಗಂಡಿನವರು ನಿನ್ನ ಒಪ್ಪ್ಯಾರ. ನಿಮ್ಮಪ್ಪ ಮಾತು ಕೊಟ್ಟು ಬಂದಾನ."

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. ಸೂಜಿಗೆ ಮತ್ತೆ ದಾರ ಪೋಣಿಸುತ್ತ ಕೇಳಿದಳು: "ಅಲ್ಲಿ ಬಾವಿ ಎಷ್ಟು ದೂರ ಐತಿ ಬೇ?"