ಕಳಿಸಿಕೊಡುವ ಕಾನೂನು

ವೇಲ್ ಒಡ್ಡಿ ಕೂತಿದ್ದ ಸೌಂದರ್ಯಳ ಮಡಿಲಿಗೆ ಸುರಿಯಬೇಕಿದ್ದ ಅಕ್ಕಿ ತಾಯಿ ವಿಮಲಮ್ಮನ ಬೊಗಸೆಯಲ್ಲೇ ನಿಂತುಬಿಟ್ಟಿತು. ಗಂಡನ ಮನೆಗೆ ಹೊರಟವಳಿಗೆ ತುಂಬುವ ಮಡಿಲಕ್ಕಿಯನ್ನು ಬಾಹ್ಯಾಕಾಶಕ್ಕೆ ಹೊರಟ ಕಿರಿಮಗಳಿಗೂ ತುಂಬಲು ಕೂತಿದ್ದಳು. ಸೋಂಕು ತಗಲಬಾರದೆಂದು ನಾಳೆಯಿಂದ ಹಾರುವ ದಿನದವರೆಗೆ ಮನೆಯವರು ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ.

"ಇಳಿಯೋವಾಗ ದಿಕ್ಕು ತಪ್ಪಿ ಬ್ಯಾರೆ ದೇಸ್ದಲ್ಲಿ ಬಿದ್ರೆ? ಅವ್ರು ನಿನ್ನ ಇಟ್ಕಂಬುಟ್ರೆ?"

"ಇಟ್ಕಳಂಗಿಲ್ಲ ಕಣವ್ವ, ಅದಕ್ಕೆ ಕಾನೂನದೆ. ಎಲ್ಲಿ ಬಿದ್ರೂ ಅವ್ರೇ ಉಡುಕಿ, ಆರೈಕೆ ಮಾಡಿ, ನಮ್ಮ ದೇಸಕ್ಕೆ ಕಳಿಸ್ಕೊಡ್ಬೇಕು."

"ಅವ್ರೇ ಕಳಿಸ್ತಾರಾ? ನಾವು ಓಗಿ ಕಾಲಿಗೆ ಬೀಳ್ಬೇಕಾ?"

"ಯಾರ ಕಾಲಿಗೂ ಬೀಳಂಗಿಲ್ಲ ಬುಡವ್ವ. ದೇಸದೇಸ್ದೋರು ಒಪ್ಪಿ ರುಜು ಆಕವ್ರೆ."

ವಿಮಲಮ್ಮ ಬೊಗಸೆಯ ಅಕ್ಕಿಯನ್ನು ನೋಡಿದಳು. ಹಿರಿಮಗಳು ಪ್ರಮೀಳಳ ಮಡಿಲನ್ನೂ ಹೀಗೇ ತುಂಬಿ ಕೆ.ಆರ್. ನಗರಕ್ಕೆ ಕಳಿಸಿದ್ದಳು. ಹೊಡೆತ ತಾಳಲಾರೆ, ಬಂದು ಕರೆದುಕೊಂಡು ಹೋಗು ಎಂದು ಮಗಳು ಫೋನಿನಲ್ಲಿ ಅತ್ತಾಗ ಹೋಗಿ ಬೀಗರ ಕಾಲು ಹಿಡಿದಿದ್ದಳು. ಅವರು ಕಳಿಸಲಿಲ್ಲ. ಕೊನೆಗೆ ತವರು ರಾವಂದೂರಿಗೆ ಬಂದದ್ದು ಹೆಣ.

ಬೊಗಸೆ ಸಡಿಲವಾಗಿ ಅಕ್ಕಿ ಸೌಂದರ್ಯಳ ಮಡಿಲಿಗೆ ಸುರಿಯಿತು.

"ಅಂಗಾರೆ ಧೈರ್ಯವಾಗಿ ಓಗ್ಬುಟ್ ಬಾ ಮಗಾ," ಎಂದಳು. "ಕೆ.ಆರ್. ನಗರಕ್ಕಿಂತ ಆಕಾಸನೇ ಅತ್ರ."