ಮ್ಯಾಟಿನ ತೂತು

ಸ್ಪೀಡೋಮೀಟರಿನ ಮುಳ್ಳು ನೂರನಲವತ್ತು ದಾಟುತ್ತಿದ್ದಂತೆ ಪಕ್ಕದಲ್ಲಿ ಕೂತಿದ್ದ ಮಗಳು ಉಸಿರು ಬಿಗಿಹಿಡಿದು, ಬಲಗಾಲನ್ನು ಕೆಳಗಿನ ಮ್ಯಾಟಿಗೆ ಬಲವಾಗಿ ಒತ್ತಿದಳು. ಮುಂದಿನ ಕಾರನ್ನು ಹಿಂದೆ ಹಾಕುವ ಹುಮ್ಮಸ್ಸಿನಲ್ಲಿದ್ದ ಅಪ್ಪನ ಕಣ್ಣು ಅರೆಗಳಿಗೆ ಆ ಕಾಲಿನತ್ತ ಹೊರಳಿತು.

ಮಗಳ ಹಿಮ್ಮಡಿ ಸರಿಯಾಗಿ ಮ್ಯಾಟಿನ ತೂತಿನಲ್ಲೇ ಕೂತಿತ್ತು. ಅವನು ವೇಗ ಏರಿಸಿದಾಗಲೆಲ್ಲ ಅದೇ ಸೀಟಿನಲ್ಲಿ ಕೂತು, ಇಪ್ಪತ್ತು ವರ್ಷ ಅವನ ಹೆಂಡತಿ ಒತ್ತಿ ಒತ್ತಿ ಸವೆಸಿದ ತೂತು ಅದು. "ಅಲ್ಲಿ ಬ್ರೇಕ್ ಇಲ್ಲ ಕಣೇ," ಎಂದು ಅವನು ನಗುತ್ತಿದ್ದ. "ನಿಮ್ಮ ಹತ್ರಾನೂ ಇಲ್ವಲ್ಲ!" ಎಂದು ಆಕೆ ಸಿಡುಕುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ.

ಮುಳ್ಳು ನೂರಕ್ಕೆ ಇಳಿಯಿತು, ಆಮೇಲೆ ಅರವತ್ತಕ್ಕೆ. ಮುಂದಿನ ಕಾರು ತಿರುವಿನಲ್ಲಿ ಮರೆಯಾಯಿತು.

"ಯಾಕಪ್ಪಾ, ಏನಾಯ್ತು?"

"ಏನಿಲ್ಲ ಪುಟ್ಟಿ. ನಿಮ್ಮಮ್ಮ ಬ್ರೇಕ್ ಹಾಕಿದ್ಳು."