ವಸ್ತುಸಂಗ್ರಹಾಲಯದ ತೊಟ್ಟಿಲು

ವಾರ್ನಿಷ್ ವಾಸನೆ ಬಂದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಅಂದು ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ತುಂಬು ಬಸುರಿ ಅವ್ವ ಮತ್ತು ನಾನು ಮಿರಜದ ಆಚೆ ಹಳ್ಳಿ ಬದುಕಿನ ವಸ್ತುಸಂಗ್ರಹಾಲಯ ನೋಡಲು ಹೋಗಿದ್ದೆವು. ಒಳಗೆ ಹಳೆಯ ತೊಟ್ಟಿಲೊಂದಕ್ಕೆ ಹೊಸದಾಗಿ ವಾರ್ನಿಷ್ ಬಳಿದು, ಮೋಟಾರು ಕಟ್ಟಿ ತೂಗುವಂತೆ ಮಾಡಿದ್ದರು. ಅದರಲ್ಲಿ ಗೊಂಬೆಯೂ ಇರಲಿಲ್ಲ.

ಆಯಿ ಅವ್ವನ ಕೈ ಗಟ್ಟಿಯಾಗಿ ಹಿಡಿದು ಕಾವಲಿನವನಿಗೆ ಹೇಳಿದಳು, "ಖಾಲಿ ತೊಟ್ಟಲಾ ತೂಗಬಾರ್ದೋ ತಮ್ಮಾ, ಕೂಸಿಗಿ ಕೇಡು. ಅದನ್ನ ನಿಂದರಸು."

"ಅದು ಕರೆಂಟಿನ ಮ್ಯಾಲೆ ನಡೀತೈತ್ರಿ ಆಯಿ. ಸಂಜೀತನಕ ತೂಗತಿರತೈತಿ."

ನಮ್ಮ ಕಡೆ ಹೆಸರಿಡುವ ದಿನ ತೊಟ್ಟಿಲಿಗೆ ಕೂಸಿಗಿಂತ ಮೊದಲು ಗುಂಡುಕಲ್ಲು ಹಾಕುತ್ತಾರೆ. ಆಯಿ ಪಕ್ಕದ ಒರಳಿನಿಂದ ಗುಂಡುಕಲ್ಲು ಎತ್ತಿ, ಅದನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕಾವಲಿನವನು ಕಲ್ಲನ್ನು ತೆಗೆದು ಒರಳಿಗೆ ಹಾಕಿದ. ತೊಟ್ಟಿಲು ಕಿರ್ರೆನ್ನುತ್ತ ಮತ್ತೆ ಖಾಲಿಯಾಗಿಯೇ ತೂಗಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ಮತ್ತೆ ಮತ್ತೆ ಕೇಳುತ್ತಿದ್ದಳು, "ಕೂಸು ಮಿಸುಕ್ಯಾಡತೈತೇನ ಬೇ?"

"ಹೂಂನ್ರಿ ಅತ್ತಿ," ಎನ್ನುತ್ತಿದ್ದಳು ಅವ್ವ, ಕಿಟಕಿಯ ಹೊರಗೆ ನೋಡುತ್ತ.

ನಾನು ಅವಳ ಹೊಟ್ಟೆಗೆ ಕೆನ್ನೆ ಹಚ್ಚಿ ಮಲಗಿದ್ದೆ. ಕಾಗವಾಡ ದಾಟಿ ಅಥಣಿ ಬಂದರೂ ನನ್ನ ಕೆನ್ನೆಗೆ ಏನೂ ತಾಗಲಿಲ್ಲ.